ನಾಲಿಗೆಯ ನಕ್ಷೆ

ಕರೆಂಟು ಹೋಗಿದೆ. ಬೆನುವೆ ನದಿಯ ಕಡೆಯಿಂದ
ಬಿಸಿಗಾಳಿ ಬಂದು ಕಿಟಕಿಯ ತಗಡು ಬಡಿಯುತ್ತಿದೆ.
ಮಕುರ್ಡಿಯ ಅರ್ಧ ಜನರೇಟರುಗಳನ್ನು ರಿಪೇರಿ ಮಾಡುವವನ ಮನೆಯಲ್ಲಿ
ಇವತ್ತು ಪೆಟ್ರೋಲಿಲ್ಲ.
ಟಾರ್ಚು ನನ್ನ ಕಂಕುಳಲ್ಲಿ, ಪುಸ್ತಕ ತೊಡೆಯ ಮೇಲೆ,
ಎದುರಿಗೆ ತಂಗಿ ಇವೆರೆನ್
ಕಣ್ಣು ಮುಚ್ಚಿ ಕೂತಿದ್ದಾಳೆ, ಪ್ರಶ್ನೆ ಬರಲಿ ಎಂದು.

ರಟ್ಟಿನ ಮೇಲೆ ‘ಹಳೆಯ ಪ್ರಶ್ನೆಗಳು’ ಎಂದಷ್ಟೇ ಉಳಿದಿದೆ,
ಯಾವ ವರ್ಷದ್ದೆಂಬುದನ್ನು ಗೆದ್ದಲು ಓದಿಕೊಂಡು ಹೋಗಿದೆ.
ಬೆನ್ನಿಗೆ ನಾನೇ ಅಂಟಿಸಿದ ಸೈಕಲ್ ಟ್ಯೂಬಿನ ತೇಪೆ.
ಒಳಗೆ ನನ್ನವೇ ಮೂರು ಕೈಬರಹ:
ನೀಲಿ, ಮೊದಲ ಸಲದ್ದು, ದುಂಡಗೆ,
ಖಾತ್ರಿಯಿದ್ದ ಉತ್ತರದ ಪಕ್ಕ ಒಂದು ಪುಟ್ಟ ಬಾವುಟ.
ಕೆಂಪು, ಅವಸರದ್ದು.
ಆಮೇಲೆ ಪೆನ್ಸಿಲ್ಲು; ಎಷ್ಟು ಒತ್ತಿ ಬರೆದಿದ್ದೆನೆಂದರೆ
ಹಾಳೆ ತಿರುಗಿಸಿದರೂ ಬೆರಳಿಗೆ ಸಿಗುತ್ತದೆ.
ನೂರ ಹನ್ನೆರಡನೆಯ ಪುಟದಲ್ಲಿ, ಮೂತ್ರಪಿಂಡದ ಚಿತ್ರದ ಮೇಲೆ
ಹೆಬ್ಬೆಟ್ಟಿನಗಲ ಕರಿ ಎಣ್ಣೆ.
ಅಲ್ಲಿಂದಾಚೆ ಬಿಳಿ.

ಮೊದಲ ಸಲ ಹನ್ನೊಂದು ಅಂಕ ಕಮ್ಮಿ ಬಿತ್ತು.
ಎರಡನೇ ಸಲ ಏಳು.
ಮೂರನೇ ಸಲ, ಪರೀಕ್ಷೆಯ ಹಿಂದಿನ ದಿನ,
ವುರುಕುಮ್ ಸಂತೆಯಲ್ಲಿ ಒಬ್ಬ ಮುದುಕ
ಕಾರ್ಬ್ಯುರೇಟರನ್ನು ಮಗುವಿನ ಹಾಗೆ ಬಟ್ಟೆಯಲ್ಲಿ ಸುತ್ತಿ ತಂದ.
‘ನಾಳೆಗೆ ಬೇಕು’ ಅಂದ.
ಅಷ್ಟೆ. ಅದಕ್ಕಿಂತ ದೊಡ್ಡ ಕತೆಯೇನೂ ಇಲ್ಲ,
ಕೇಳಿದವರಿಗೆ ಬೇಕಾದರೆ ದೊಡ್ಡದು ಮಾಡಿ ಹೇಳುತ್ತೇನೆ.

‘ನೆಫ್ರಾನಿನ ಭಾಗವಲ್ಲದ್ದು ಯಾವುದು?’
‘ಆಯ್ಕೆಗಳನ್ನು ಓದು ಅಣ್ಣ, ನುಂಗಬೇಡ.’
ಓದುತ್ತೇನೆ. ಹೆನ್ಲೆಯ ಕುಣಿಕೆಯಲ್ಲಿ ಕಾಲು ಸಿಕ್ಕಿ ಮುಗ್ಗರಿಸುತ್ತೇನೆ.
‘ಬಿ,’ ಅನ್ನುತ್ತಾಳೆ.
ನನ್ನ ಪೆನ್ಸಿಲ್ಲು ಡಿ ಅನ್ನುತ್ತದೆ.
‘ರಬ್ಬರು ತಂದುಕೊಡುತ್ತೇನೆ, ಇವನ್ನೆಲ್ಲ ಅಳಿಸಿಬಿಡು,
ನನ್ನ ತಪ್ಪು ನಿನ್ನ ಕಣ್ಣಿಗೆ ಅಂಟಿಕೊಂಡೀತು.’
‘ಇರಲಿ ಬಿಡು. ಜಗಳಕ್ಕೆ ಒಬ್ಬರು ಬೇಕಲ್ಲ.’

ಹೊಸ ಪುಸ್ತಕಕ್ಕೆ ನನ್ನ ಹದಿನೈದು ದಿನದ ದುಡಿಮೆ.
ತರಲಾ ಎಂದಿದ್ದೆ ಹೋದ ತಿಂಗಳು.
‘ಮೂತ್ರಪಿಂಡವೇನು ಹೊಸ ಆವೃತ್ತಿ ತೆಗೆದಿದೆಯಾ?’
ಅಂದಿದ್ದಳು, ಅಕ್ಕಿ ಆರಿಸುತ್ತಾ.
ಪರೀಕ್ಷೆ ಮಾತ್ರ ಈಗ ಕಂಪ್ಯೂಟರಿನಲ್ಲಿ.
ಒತ್ತಿ ಬರೆಯಲು ಕಾಗದವೇ ಇಲ್ಲ ಅಲ್ಲಿ.

ಗಾಳಿಗೆ ಪುಟ ಹಿಂದಕ್ಕೆ ಹಾರಿತು.
ಮೂವತ್ತೊಂದನೆಯ ಪ್ರಶ್ನೆ, ನಾಲಿಗೆಯ ಚಿತ್ರ:
ತುದಿಗೆ ಸಿಹಿ, ಅಂಚಿಗೆ ಹುಳಿ, ಬುಡಕ್ಕೆ ಕಹಿ,
ಹೊಲ ಪಾಲು ಮಾಡಿದ ಹಾಗೆ ಗೆರೆ.
ಪಕ್ಕದಲ್ಲಿ ನನ್ನ ನೀಲಿ ಬಾವುಟ.
‘ಅದು ತಪ್ಪಂತೆ ಅಣ್ಣ,’ ಅಂದಳು, ಮೆತ್ತಗೆ.
‘ಈಗ ಹಾಗೆ ಹೇಳುವುದಿಲ್ಲ.
ಎಲ್ಲ ರುಚಿಯೂ ನಾಲಿಗೆಯ ಎಲ್ಲ ಕಡೆಗೂ ಗೊತ್ತಾಗುತ್ತದೆ.’

ಸುಮ್ಮನಾದೆ.
ಆ ಪ್ರಶ್ನೆ ಮೊದಲ ವರ್ಷ ಬಂದಿತ್ತು. ಬರೆದಿದ್ದೆ.
ಅಂಕವೂ ಸಿಕ್ಕಿರಬೇಕು.
ಹಾಗಾದರೆ ಆ ಹನ್ನೊಂದನ್ನು
ಈಗ ಹನ್ನೆರಡು ಅನ್ನಬೇಕೆ?

ಎದ್ದು ಒಲೆಯ ಬಳಿ ಹೋದೆ.
ಮಧ್ಯಾಹ್ನದ ಕಹಿಸೊಪ್ಪಿನ ಸಾರು ಪಾತ್ರೆಯ ತಳದಲ್ಲಿತ್ತು.
ಅಮ್ಮ ಎಷ್ಟು ನೀರಲ್ಲಿ ಹಿಸುಕಿ ತೊಳೆದರೂ
ಸ್ವಲ್ಪ ಉಳಿಸಿಕೊಳ್ಳುವ ಸೊಪ್ಪು ಅದು.
ಕಿರುಬೆರಳು ಅದ್ದಿ ನಾಲಿಗೆಯ ತುದಿಗೆ,
ತುದಿಗೆ ಮಾತ್ರ, ತಾಗಿಸಿ
ಬಾಯಿ ತೆರೆದುಕೊಂಡೇ ನಿಂತೆ, ಆಸ್ಪತ್ರೆಯಲ್ಲಿ ನಿಂತ ಹಾಗೆ.
ಇವೆರೆನ್ ಟಾರ್ಚು ಹಿಡಿದು ಒಳಗೆ ನೋಡಿದಳು.
‘ಏನು?’
‘ಕಹಿ,’ ಅಂದೆ. ‘ಇಲ್ಲೇ.’

ಇಷ್ಟು ವರ್ಷ ಉಂಡಿದ್ದೇನೆ ಈ ಸಾರು.
ಒಂದು ದಿನವೂ ಕೇಳಿರಲಿಲ್ಲ ನಾಲಿಗೆಯನ್ನು.

ಪಕ್ಕದ ಮನೆಯ ಜನರೇಟರು ಕೆಮ್ಮಿ ಕೆಮ್ಮಿ ಹೊತ್ತಿತು.
‘ಪ್ಲಗ್ಗಿನಲ್ಲಿ ಮಸಿ ಕಟ್ಟಿದೆ,’ ನನ್ನ ಬಾಯಿಂದ ತಾನೇ ಬಂತು.
‘ಅದು ಯಾವ ಆಯ್ಕೆ?’ ಅಂತ ನಕ್ಕಳು.
ಅವರ ದೀಪದ ಒಂದು ಪಟ್ಟಿ ನಮ್ಮ ಗೋಡೆಗೂ ಬಂತು.

ಟಾರ್ಚು ಆರಿಸಿ ನೂರ ಹದಿಮೂರನೆಯ ಪುಟ ತೆಗೆದೆ.
ಗುರುತಿಲ್ಲ, ಬಾವುಟವಿಲ್ಲ.
ಪ್ರಶ್ನೆ ಓದಿದೆ. ನಾಲ್ಕೂ ಆಯ್ಕೆ ಓದಿದೆ, ನಿಧಾನವಾಗಿ, ನುಂಗದೆ.
ಅವಳು ಕಣ್ಣು ಮುಚ್ಚಿ ಯೋಚಿಸುತ್ತಿದ್ದಷ್ಟು ಹೊತ್ತು
ನಾನೂ ಒಂದನ್ನು ಹಿಡಿದುಕೊಂಡಿದ್ದೆ.
ಹೇಳಲಿಲ್ಲ.