ನಲವತ್ತು ರೂಪಾಯಿಯ ಕವಳೆ

ಎರಡು ರವಿಕೆಗೆ ಇನ್ನೂ ನಲವತ್ತು ಬಾಕಿ.
ಸಣ್ಣೀರಮ್ಮ ಸೆರಗಿನ ಗಂಟು ಬಿಚ್ಚಿ
ಕಟಿಂಗ್ ಮೇಜಿನ ಮೇಲೆ ಸುರಿದಳು
ಒಂದು ಪಾವು ಕವಳೆಹಣ್ಣು.
"ಸರಿಹೋಯ್ತೇನವ್ವ ಲೆಕ್ಕ?"
ಸರಿಹೋಗಿರಲಿಲ್ಲ. ಆದರೆ ಅಷ್ಟರಲ್ಲಿ
ನನ್ನ ಬಾಯಿ ತುಂಬಿತ್ತು.

ಹೊರಗೆ ಕಪ್ಪು, ಒಳಗೆ ಗಾಯದ ಕೆಂಪು.
ಹಾಲಿಗೆ ತುಟಿ ತುಟಿಗಂಟಿ
ಬಂದ ಗಿರಾಕಿಗೆ ಬೆರಳೆತ್ತಿ ರೇಟು ತೋರಿಸಿದೆ.
ಕಾಜಾ ಹಾಕುವ ಜಬೀನಾ ನಕ್ಕೂ ನಕ್ಕೂ
ಯಾರದೋ ಬಿಳಿ ಲೈನಿಂಗಿಗೆ ರಸ ಚೆಲ್ಲಿದಳು.
ಕಲೆ ಹೋಗಲಿಲ್ಲ.
ಲೈನಿಂಗು ನನ್ನ ಖರ್ಚಿಗೆ.

ಬೀಜ ಎಸೆಯಲು ಮನಸ್ಸಾಗದೆ
ಬಾಬಿನ್ ಡಬ್ಬಿಯ ಮುಚ್ಚಳದಲ್ಲಿ ಎಣಿಸಿದೆ:
ಹತ್ತೊಂಬತ್ತು. ಚಪ್ಪಟೆ. ಹುಕ್ಕಿಗಿಂತ ಚಿಕ್ಕವು.
"ಹಸೀದೇ ಊರು. ಒಣಗಿದ್ರೆ
ಕಣ್ಣು ಮುಚ್ಕಂತವೆ"
ಮೆಟ್ಟಿಲಿಳಿಯುತ್ತ ಅಂದಿದ್ದಳು.

ಅಂಟು ಬಿಡಲೆಂದು ಬೂದಿಯಲ್ಲಿ ಉಜ್ಜಿದೆ.
ಖಾಲಿ ಹಾಲಿನ ಪ್ಯಾಕೆಟ್ಟಿನ ಬುಡಕ್ಕೆ ದಬ್ಬಣದ ತೂತು,
ಮಧುಗಿರಿ ಬೆಟ್ಟದ ಬುಡದ ಗರಸು, ಹಿಡಿ ಕುರಿಗೊಬ್ಬರ,
ಮೇಲೆ ಉಗುರಿನಷ್ಟು ಮಣ್ಣು,
ಸೀರೆಯ ಅಂಚು ಮಡಚಿದಷ್ಟು. ಸಾಕು.

ಅಂಗಡಿಯ ಹಿಂದೆ ತಗಡಿನ ಮಾಡು,
ಅದರಾಚೆ ಆ ಒಂದೇ ಕಲ್ಲು,
ಹಗಲೆಲ್ಲ ಬಿಸಿಲು ಕುಡಿದು
ರಾತ್ರಿ ನಿಧಾನವಾಗಿ ಉಸಿರು ಬಿಡುವುದು.
ಆ ಕಾವಿಗೆ ಮುಖ ಮಾಡಿ ಸಾಲಾಗಿಟ್ಟೆ.
ಎರಡು ಹೊತ್ತೂ ನೀರು.
ಏಳು ಕೊಳೆತವು. ಕೊಳೆತದ್ದು ಹೇಗೆ ಗೊತ್ತೆಂದರೆ
ಕೆದಕಿ ನೋಡಿದ್ದೆ,
ಹಾಕಿದ ಹೊಲಿಗೆ ಬಿಚ್ಚಿ ನೋಡುವ ಚಾಳಿ.

ಆಮೇಲೆ ವರಮಹಾಲಕ್ಷ್ಮಿ ಬಂತು.
ರವಿಕೆಗಳ ಗುಡ್ಡೆ, ಕರೆಂಟಿಲ್ಲದ ಸಂಜೆ,
ತೋಳು ಬಿಗಿ ಎಂದು ಜಗಳಕ್ಕೆ ಬಂದವರು.
ಮರೆತೇಹೋಯಿತು.

ಮರೆತ ಮೇಲೆ ಬಂದವು, ಆರು.
ಬೀಜದ ಸಿಪ್ಪೆ ಇನ್ನೂ ತಲೆಯ ಮೇಲೆ,
ಹೊಲಿಯುವಾಗಿನ ಬೆರಳುಟೋಪಿಯ ಹಾಗೆ.

"ಮುಳ್ಳೇ ಇಲ್ವಲ್ಲಕ್ಕ! ಇದು ಬೇರೇನೋ ಗಿಡ"
ಜಬೀನಾಗೆ ಅನುಮಾನ. ನನಗೂ.
ಸಂಕ್ರಾಂತಿಗೆ ಗೇಣುದ್ದ. ಒಂದು ಬೆಳಿಗ್ಗೆ
ಒಣಗಿದೆಲೆ ಕೀಳಹೋದರೆ
ಚುರ್ರೆಂದಿತು.
ಮೂವತ್ತು ವರ್ಷ ಸೂಜಿ ಕಂಡ ಬೆರಳು
ಗುರುತು ಹಿಡಿಯಿತು.
ಜೋಡಿ ಮುಳ್ಳು, ಸಣ್ಣ ಕತ್ತರಿ ಬಾಯ್ದೆರೆದಂತೆ.
ಜಬೀನಾಗೆ ರಕ್ತ ತೋರಿಸಿದೆ, ಪದಕ ತೋರಿಸುವ ಹಾಗೆ.

ಹಣ್ಣಿನ ಕಾಲಕ್ಕೆ ಮತ್ತೆ ಸಣ್ಣೀರಮ್ಮ.
ಈ ಸಲ ಗಂಟಿಲ್ಲ. ಪ್ಯಾಕೆಟ್ಟು ನೋಡಿ
ಸೊಂಟ ಹಿಡಿದು ನಕ್ಕಳು:
"ಯಾರೂ ನೀರು ಹಾಕ್ದೆ ಬೆಳೆದ ಜಾತಿ ಕಣವ್ವ.
ಇದನ್ನ ಸಾಕ್ಬೇಡ. ಇರಗೊಡು, ಸಾಕು."
ನಗು ಮುಗಿದ ಮೇಲೆ, ಬೇರೆ ಕಡೆ ನೋಡುತ್ತ:
"ನಂಗೊಂದು ಕೊಡ್ತೀಯ?
ಕುರಿ ಬಿಡ್ತಿದ್ದ ಗುಡ್ಡಕ್ಕೆ ತಂತಿ ಹಾಕವ್ರೆ.
ಒಳಗೆ ಮಿಷಿನ್ನು ಸದ್ದು ಮಾಡ್ತದೆ."

ಎರಡು ಕೊಟ್ಟೆ. ಮಗುವನ್ನು ಎತ್ತಿಕೊಂಡಂತೆ
ಸೊಂಟಕ್ಕಿಟ್ಟುಕೊಂಡು ಹೋದಳು,
ಮುಳ್ಳು ಹೊರಮುಖಕ್ಕೆ ಮಾಡಿ.

ಕಾಯಿಗೆ ಇನ್ನೂ ಮೂರ್ನಾಲ್ಕು ವರ್ಷವಂತೆ.
ಅಂಗಡಿಯ ಕರಾರು ಹನ್ನೊಂದು ತಿಂಗಳದ್ದು.
ಆದರೂ ಒಂದನ್ನು ಚರಂಡಿಯ ಗೋಡೆ ಪಕ್ಕ
ನೆಲಕ್ಕೇ ಇಳಿಸಿದ್ದೇನೆ.
ನಿನ್ನೆ ಗಾಳಿಗೆ ಹಾರಿದ ಕೆಂಪು ದಾರವೊಂದು
ಅದರ ಮುಳ್ಳಿಗೆ ಸಿಕ್ಕಿಕೊಂಡಿದೆ.
ಬಿಡಿಸಲು ಹೋಗಿಲ್ಲ.