ನೆನೆದ ಕಡಲೆ

ರೂವಿಯ ಹಿಂದಿನ ಗಲ್ಲಿ, ಲಾಂಡ್ರಿಯ ಮೇಲಿನ ಮಾಳಿಗೆ.
ಹನ್ನೊಂದು ಜನ, ಒಂದು ಅಡುಗೆಮನೆ,
ತಿಂಗಳಿಗೆ ಇಪ್ಪತ್ತೆರಡು ರಿಯಾಲಿನ ಪಾಲು.
ನಾನು ಕಾರ್ಯದರ್ಶಿ; ಅಂದರೆ
ನಡಾವಳಿ ಪುಸ್ತಕ ನನ್ನ ದಿಂಬಿನ ಕೆಳಗೆ.

ಶುಕ್ರವಾರ ಮಧ್ಯಾಹ್ನ ಸಭೆ.
ನೈಟ್ ಶಿಫ್ಟಿನ ಇದಿನಬ್ಬನನ್ನು ಎಬ್ಬಿಸಿ ಕೂರಿಸಿದೆವು,
ಕೋರಂ ಆಗಬೇಕಲ್ಲ.
ವಿಷಯ ಒಂದೇ: ತುಪ್ಪದ ಡಬ್ಬ ಬೇಗ ಮುಗಿಯುತ್ತಿದೆ,
ಸಾಮಾನಿನ ಕಪಾಟಿಗೆ ಬೀಗ ಬೇಕೋ ಬೇಡವೋ.

ಸಿಪ್ರಿಯನ್ ಲೋಬೊ ಊರಲ್ಲಿ ಸಹಕಾರಿ ಡಿಪ್ಲೊಮಾ ಮಾಡಿದವ.
ಬನಿಯನ್ನಿನಲ್ಲೇ ಎದ್ದು ನಿಂತ:
"ಯಜಮಾನನ ಕಣ್ಣು ಬೇರೆ, ಕೆಲಸದವನ ಕೈ ಬೇರೆ,
ನಡುವೆ ಕಾವಲು ಇರಲೇಬೇಕು. ಇದೊಂದು ಸಿದ್ಧಾಂತ.
ಇನ್ನೊಂದು ಹೇಳುತ್ತದೆ,
ನಂಬಿ ಕೊಟ್ಟರೆ ಕೈಯೇ ಕಣ್ಣಾಗುತ್ತದೆ.
ಪರೀಕ್ಷೆಯಲ್ಲಿ ಎರಡಕ್ಕೂ ಹತ್ತತ್ತು ಅಂಕ."

"ನೀನು ಯಾವುದು ಬರೆದೆ?" ವಿಠಲ ಗಟ್ಟಿ ಕೇಳಿದ.
"ಎರಡೂ. ಆಯ್ಕೆ ಇರಲಿಲ್ಲ."

ಅಡುಗೆಯ ಮುಖ್ಲೇಸ್ ಒಳಗೆ ಪಾತ್ರೆ ತಿಕ್ಕುತ್ತಿದ್ದ.
ಅವನಿಗೆ ನಮ್ಮ ಭಾಷೆ ಬಾರದೆಂದು
ನಾವೆಲ್ಲ ಎಂದೋ ತೀರ್ಮಾನಿಸಿದ್ದೆವು, ಮತಕ್ಕೆ ಹಾಕದೆಯೇ.

ಗುಟ್ಟಿನ ಮತ. ಪರದೆಯಾಚೆ, ಗ್ಯಾಸಿನ ಪಕ್ಕ, ಸ್ಟೀಲಿನ ತಂಬಿಗೆ.
ಬೇಕಕ್ಕೆ ಖರ್ಜೂರದ ಬೀಜ, ಬೇಡಕ್ಕೆ ಕಾಬೂಲಿ ಕಡಲೆ.
ಒಬ್ಬೊಬ್ಬರೇ ಹೋದೆವು, ಮುಷ್ಟಿ ಬಿಗಿದು,
ಪಾಪ ಒಪ್ಪಿಸಲು ಹೋಗುವವರಂತೆ.

ಚಾಪೆಯ ಮೇಲೆ ಸುರಿದಾಗ
ಆರು ಬೀಜ. ಆರು ಕಡಲೆ.
ಎರಡು ಸಲ ಎಣಿಸಿದರೂ ಹನ್ನೆರಡು.
ಕಡಲೆಯಲ್ಲಿ ಐದು ಒಣಗಿದ್ದವು, ಗಟ್ಟಿ, ಅಂಗಡಿಯಿಂದ ಬಂದ ಹಾಗೆ.
ಒಂದು ಮಾತ್ರ ನೆನೆದು ಉಬ್ಬಿ,
ಚಾಪೆಯ ಮೇಲೆ ಸಣ್ಣ ಒದ್ದೆ ಗುರುತು ಬಿಟ್ಟಿತ್ತು.

ರಾತ್ರಿಯ ಸಾರಿಗೆ ಬೆಳಿಗ್ಗೆಯೇ
ಬಕೆಟಿನಲ್ಲಿ ಕಡಲೆ ನೆನೆಹಾಕಿದ್ದು ಯಾರಿಗೆ ಗೊತ್ತಿಲ್ಲ?
ಪಾತ್ರೆಯ ಸದ್ದು ನಿಂತಿತ್ತು.

ಸಿಪ್ರಿಯನ್ ಆ ಕಾಳನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿದ,
ಯಾವ ಸಿದ್ಧಾಂತವನ್ನೂ ಹೇಳಲಿಲ್ಲ.
ಬೈಲಾದಲ್ಲಿ ಹೀಗಿದೆ: ಸದಸ್ಯನೊಬ್ಬನಿಗೆ ಒಂದೇ ಮತ.
ಹನ್ನೊಂದು ಜನ ಉಂಡೆದ್ದ ಮೇಲೆ
ತಳದ ಅನ್ನ ಕೆರೆದು ಉಣ್ಣುವವನ ಬಗ್ಗೆ ಒಂದಕ್ಷರವಿಲ್ಲ.
ಬೈಲಾ ಬರೆದವನು ನಾನೇ.

"ಸಮಸಮ ಆಯ್ತಲ್ಲ, ಮಲಗಲಾ?" ಇದಿನಬ್ಬ ಆಕಳಿಸಿದ.
ಬೀಗ ಆಗಲೇ ತಂದಾಗಿತ್ತು, ಒಂದೂವರೆ ರಿಯಾಲ್,
ಪ್ಯಾಕೆಟ್ಟು ಒಡೆಯದೆ ಫ್ರಿಜ್ಜಿನ ಮೇಲಿತ್ತು.
ಈಗಲೂ ಅಲ್ಲೇ ಇದೆ.

ಪುಸ್ತಕ ತೆರೆದು ಬರೆದೆ: ಹಾಜರಿ ಹನ್ನೊಂದು.
ಅದರ ಕೆಳಗೇ: ಬಿದ್ದ ಮತ ಹನ್ನೆರಡು.
ತಾಳೆಯಾಗದ ಆ ಲೆಕ್ಕವನ್ನು
ಎಲ್ಲರೂ ಓದಿದರು,
ಎಲ್ಲರೂ ಸಹಿ ಹಾಕಿದರು.