ಕಾಲಂ ಏಳು

ಸಂಜೆ ಐದರೊಳಗೆ ಹಾಸನಕ್ಕೆ ತಲುಪಬೇಕೆಂದು
ಡಿ.ಸಿ. ಕಚೇರಿಯ ಸುತ್ತೋಲೆ. ಬಂದದ್ದೇ ಮೂರೂವರೆಗೆ.
ಉತ್ತಮ ಸೇವೆ, ಹೊಸತನ: ತಾಲ್ಲೂಕಿಗೆ ಒಂದೇ ಹೆಸರು.
ಅರಸೀಕೆರೆಯಿಂದ ಯಾರು ಅಂತ ತಹಸೀಲ್ದಾರರು
ಕನ್ನಡಕ ತೆಗೆದು ನಮ್ಮನ್ನೆಲ್ಲ ನೋಡಿದರು.
ನಾವು ನೆಲ ನೋಡಿದೆವು.

ಟೋಕನ್ ಯಂತ್ರ ಬರೀರಿ, ಅಂದರು ಶಿರಸ್ತೇದಾರ್ ಯೋಗಣ್ಣ.
ಅದು ಬಾಗಿಲ ಬಳಿ ಪ್ಲಾಸ್ಟಿಕ್ ಹೊದ್ದು ನಿಂತು ಎರಡು ವರ್ಷ.
ಉದ್ಘಾಟನೆಯ ದಿನ ಹೆತ್ತದ್ದು ಒಂದೇ ಚೀಟಿ,
ಸೊನ್ನೆ ಸೊನ್ನೆ ಒಂದು.
ಅದನ್ನು ಹಿಡಿದವನು ಈಗಲೂ ಎಲ್ಲೋ
ಕರೆ ಬರುತ್ತದೆಂದು ಕಿವಿ ನಿಮಿರಿಸಿ ಕೂತಿರಬೇಕು.

ಹೇಳಿದ್ದನ್ನು ಟೈಪು ಮಾಡುವುದಕ್ಕೆ ನನಗೆ ಸಂಬಳ.
ಯಂತ್ರ ಎಂದು ಒತ್ತಿದ್ದೆ ಕೂಡ.
ಅಷ್ಟರಲ್ಲಿ ಕಿಟಕಿಗೆ ಬಂದಳು ಜಾವಗಲ್ ಕಡೆಯ ಹೆಂಗಸು:
ಮಾವನ ಹೆಸರಿನ ಎಂಟು ಗುಂಟೆ,
ಐವತ್ತೆಂಟನೇ ಇಸವಿಯ ಕಾಗದ.
ದಲಾಯತ್ ಸಣ್ಣಯ್ಯ ಒಳಗೆ ಹೋದ.
ನನ್ನ ಚಹಾ ಕೆನೆಗಟ್ಟುವ ಮೊದಲೇ
ಹಳದಿ ಗಂಟೊಂದನ್ನು ಎದೆಗವಚಿ
ಮಗು ಎತ್ತಿಕೊಂಡವನ ಹಾಗೆ ಬಂದ.

ಹಳದಿ ಜಾವಗಲ್ಲು. ಹಸಿರು ಬಾಣಾವರ. ಕಣಕಟ್ಟೆಗೆ ನೀಲಿ.
ಗಂಡಸಿಗೆ ಕುಂಕುಮ (ಹೋಬಳಿಯ ಹೆಸರು ಸ್ವಾಮಿ, ನಗಬೇಡಿ).
ಕಸಬೆಯ ಪಾಲಿಗೆ ಬಟ್ಟೆ ಮುಗಿದು ಬರೀ ಗೋಣಿ.
ಹೆಂಡತಿ ಪುಟ್ಟಾಜಮ್ಮ ರೈಲ್ವೆ ಗೇಟಿನ ಹತ್ತಿರ ರವಿಕೆ ಹೊಲಿಯುತ್ತಾಳೆ;
ಅಲ್ಲಿ ಉಳಿದ ಲೈನಿಂಗ್ ತುಂಡು ತಂದು ತಂದು
ಎಷ್ಟೋ ಭಾನುವಾರ ಒಬ್ಬನೇ
ಗೆದ್ದಲು ಜಾಡಿಸಿ, ಹಲ್ಲಿಮೊಟ್ಟೆ ಒರೆಸಿ
ಒಂದೊಂದೇ ಊರನ್ನು ಗಂಟು ಕಟ್ಟಿದ.
ಯಾರೂ ಹೇಳಿರಲಿಲ್ಲ.
"ಅಕ್ಸರ ಮಂಜು ಮೇಡಮ್ಮೋರೆ, ಬಣ್ಣ ಕಾಣ್ತದೆ."

ಯಂತ್ರ ಅಳಿಸಿದೆ. ಸಣ್ಣಯ್ಯ ಎಂದು ಬರೆದೆ.
ಕಾಲಂ ಏಳು: ಯೋಜನೆಗೆ ತಗುಲಿದ ವೆಚ್ಚ.
ಸೊನ್ನೆ ಒತ್ತಿದರೆ ಪರದೆ ಕೆಂಪಾಯಿತು,
'ಸರಿಯಾದ ಮೊತ್ತ ನಮೂದಿಸಿ.'
ಮತ್ತೆ ಸೊನ್ನೆ. ಮತ್ತೆ ಕೆಂಪು.
ಖರ್ಚಿಲ್ಲದೆ ಒಳ್ಳೆಯದಾದೀತೆಂದು
ಅದಕ್ಕೆ ಯಾರೂ ಕಲಿಸಿರಲಿಲ್ಲ.
ನಾಲ್ಕೂ ಐವತ್ತು. ಜಂಕ್ಷನ್ನಿನಲ್ಲಿ ಶಿವಮೊಗ್ಗದ ಗಾಡಿ ಕೂಗಿತು.
ಎಷ್ಟಾಯ್ತು ಸಣ್ಣಯ್ಯ, ಬೇಗ ಹೇಳು.
ಬೆರಳು ಮಡಿಚಿ ಎಣಿಸಿದ:
"ದಾರದುಂಡೆ ಎರಡು, ಇಪ್ಪತ್ತು ರೂಪಾಯಿ.
ಬಿಡಿ, ಸರ್ಕಾರ ಅದ ಕೊಡಾಕಿಲ್ಲ."
ಇಪ್ಪತ್ತು ಅಂದೆ. ಪರದೆ ಒಪ್ಪಿತು.

ಹಾಸನದ ವೇದಿಕೆಯಲ್ಲಿ ಮೈಕು ಸಣ್ಣಪ್ಪ ಎಂದು ಕರೆಯಿತು.
ಇವನು ಎದ್ದೇಳಲಿಲ್ಲ;
ಯಾರೋ ಸಣ್ಣಪ್ಪನಿಗೆ ಪಾಪ
ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದ.

ಪ್ರಶಸ್ತಿಯಿಂದ ಏನಾಗುತ್ತದೆ ಅಂದರೆ
ನನಗೂ ಪೂರ್ತಿ ಗೊತ್ತಿಲ್ಲ.
ಎಲ್ಲ ತಾಲ್ಲೂಕೂ ಬಣ್ಣದ ಬಟ್ಟೆ ಕೊಳ್ಳತಕ್ಕದ್ದು ಎಂದು ಆದೇಶ ಬಂತು,
ಟೆಂಡರಾಯಿತು,
ಬಂದಿಳಿದ ಥಾನೆಲ್ಲ ಬಿಳಿ.
ಆದರೆ ಇನ್ನೊಂದೂ ಆಯಿತು.
'ನಾಳೆ ಬನ್ನಿ' ಎಂಬುದನ್ನೇ ಉಸಿರಾಡುತ್ತಿದ್ದ ಪಿಂಚಣಿಯ ರುದ್ರಮುನಿ
ನನ್ನ ಮೇಜಿಗೆ ಬಗ್ಗಿ ಗುಟ್ಟಾಗಿ ಕೇಳಿದ:
"ಮುಂದಿನ ವರ್ಷದ ಫಾರಂ ಯಾವಾಗ ಬರ್ತದೆ?"
ವಾರದಲ್ಲಿ ಅವನ ಕಿಟಕಿಯ ಹೊರಗೆ ಬೆಂಚೊಂದು ಬಿತ್ತು.
ಆಸೆಗೆ ಹಾಕಿಸಿದ್ದು, ಸೇವೆಗಲ್ಲ.
ಇರಲಿ. ಕೂತವರ ಮೊಣಕಾಲಿಗೆ
ಆ ವ್ಯತ್ಯಾಸ ತಿಳಿಯುವುದಿಲ್ಲ.

ಮೊನ್ನೆ ಕಸಬೆಯ ಕಾಗದ ಬೇಕಾಗಿ
ನಾನೇ ರೆಕಾರ್ಡ್ ರೂಮಿಗೆ ಹೋದೆ.
ಗೋಣಿಗೆ ಕೈ ಚಾಚಿದರೆ ಬೆರಳಿಗೆ ಸಿಕ್ಕಿದ್ದು
ಜರಿ ಅಂಚು,
ಮೂಲೆಯಲ್ಲಿ ಇನ್ನೂ ಅಂಟಿಕೊಂಡಿದ್ದ ಹಾರದ ಒಂದೆಸಳು.
ಪಕ್ಕದಲ್ಲಿ ಅರ್ಧ ಕಸಬೆ ಗೋಣಿಯಲ್ಲೇ ಇತ್ತು.
ಸಣ್ಣಯ್ಯ ಏಣಿಯ ಮೇಲಿಂದ ಇಣುಕಿದ:
"ಸಾಲ್ನಿಲ್ಲ ಮೇಡಮ್ಮೋರೆ. ಇನ್ನೊಂದು ಶಾಲು ಬೇಕಿತ್ತು."